ಯಂತ್ರದ ಹೆಸರು ಬೇಡ, ಲೆಕ್ಕ ಬರೆಯುವವರ ಹೆಸರು ಹೇಳಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದರೂ, ಪಹಣಿಯಲ್ಲಿ ಹೆಸರು ತಪ್ಪಿದರೂ, ಪತ್ತಿನ ಸಂಘದಲ್ಲಿಟ್ಟ ಠೇವಣಿ ಕರಗಿದರೂ ಕಲಿತವರ ಬಾಯಲ್ಲಿ ಈಗ ಬರುವುದು ಒಂದೇ ಮದ್ದು: ಒಂದೇ ಲೆಕ್ಕವನ್ನು ಹಲವು ಕಂಪ್ಯೂಟರುಗಳಲ್ಲಿ ಹಂಚಿ ಬರೆದಿಡುವ ಬ್ಲಾಕ್‌ಚೈನ್. ಅದರ ಬೆನ್ನಿಗೇ ಇನ್ನೊಂದು ಬೇಡಿಕೆ ಬರುತ್ತದೆ. ನಮ್ಮ ಹಣಕಾಸಿನ ಕಾನೂನುಗಳು ಹಳತಾಗಿವೆ, ಅವುಗಳಲ್ಲಿ ಡಿಸ್ಟ್ರಿಬ್ಯೂಟೆಡ್ ಲೆಡ್ಜರ್, ಸ್ಮಾರ್ಟ್ ಕಾಂಟ್ರ್ಯಾಕ್ಟ್, ಟೋಕನ್ ಎಂಬ ಪದಗಳಿಗೆ ಜಾಗವೇ ಇಲ್ಲ, ಮೊದಲು ಅವನ್ನು ವ್ಯಾಖ್ಯೆಗಳ ಕಲಮಿಗೆ ಸೇರಿಸಿ, ಆಮೇಲೆ ನೋಡಿ ಹೂಡಿಕೆ ಹೇಗೆ ಹರಿದು ಬರುತ್ತದೆ, ಜನರಿಗೆ ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದು ಆ ವಾದ. ವಿಚಾರ ಸಂಕಿರಣಗಳಲ್ಲಿ, ಬಜೆಟ್ ಚರ್ಚೆಗಳಲ್ಲಿ ಇದಕ್ಕೆ ಎದುರಾಡುವವರು ಕಡಿಮೆ. ಎದುರಾಡಿದರೆ ಹಿಂದುಳಿದವರೆನ್ನುತ್ತಾರೆ ಎಂಬ ಅಳುಕು ಬೇರೆ.

ಈ ವಾದ ತಪ್ಪು. ಈ ಪದಗಳು ಕಾನೂನಿಗೆ ಬಂದದ್ದರಿಂದ ಈವರೆಗೆ ಸಾಮಾನ್ಯನಿಗೆ ಆದ ಲಾಭ ಅಷ್ಟಕ್ಕಷ್ಟೇ. ಲೆಕ್ಕ ಯಾವ ಬಗೆಯ ಯಂತ್ರದಲ್ಲಿ ಕೂತಿದೆ ಎಂದು ಹೇಳುವುದು ಕಾನೂನಿನ ಕೆಲಸವಲ್ಲ. ಲೆಕ್ಕ ಬರೆಯುವವರು ಯಾರು, ತಿದ್ದುವ ಅಧಿಕಾರ ಯಾರದು, ತಪ್ಪಿದಾಗ ಗಂಟಿನಿಂದ ಹಣ ಬಿಚ್ಚುವವರು ಯಾರು ಎಂದು ಹೇಳುವುದು ಅದರ ಕೆಲಸ. ಹೊಸ ಪದಗಳು ಈ ಮೂರನ್ನೂ ಮರೆಸುತ್ತವೆ ಎಂಬುದೇ ನನ್ನ ತಕರಾರು.

ಬ್ಯಾಡಗಿಯ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಸೋಮವಾರ, ಗುರುವಾರ ಅಲ್ಲಿಯ ಎಪಿಎಂಸಿ ಪ್ರಾಂಗಣಕ್ಕೆ ಹೋದವರಿಗೆ ಗೊತ್ತು. ಬಳ್ಳಾರಿ, ರಾಯಚೂರು, ಗಡಿಯಾಚೆಯ ಕರ್ನೂಲು ಕಡೆಯಿಂದ ಬಂದ ಚೀಲಗಳಿಗೆ ಲಾಟ್ ನಂಬರ್ ಬೀಳುತ್ತದೆ, ದಲಾಲರ ಅಂಗಡಿ ಮುಂದೆ ಡಬ್ಬಿ, ಕಡ್ಡಿ ತಳಿಗಳ ರಾಶಿ ಬೇರೆ ಬೇರೆಯಾಗಿ ನಿಲ್ಲುತ್ತದೆ. ಖರೀದಿದಾರ ಕಾಯಿ ಮುರಿದು, ತಿಕ್ಕಿ ಬಣ್ಣ ನೋಡಿ, ತೇವ ಎಷ್ಟಿದೆ ಎಂದು ಅಂಗೈಯಲ್ಲೇ ಅಳೆದು, ಆಮೇಲೆ ಕಂಪ್ಯೂಟರಿನಲ್ಲಿ ದರ ಹಾಕುತ್ತಾನೆ. ಹೆಚ್ಚು ದರ ಹಾಕಿದವನಿಗೆ ಲಾಟ್. ರಾಜ್ಯ ಸರ್ಕಾರವೂ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆಯೂ ಕೂಡಿ 2014ರಲ್ಲಿ ಶುರು ಮಾಡಿದ ಏಕೀಕೃತ ಮಾರುಕಟ್ಟೆ ವೇದಿಕೆಯಿಂದ ಹಿಡಿದು ಕರ್ನಾಟಕದ ಮಾರುಕಟ್ಟೆಗಳು ಇಂಥ ಇ-ಟೆಂಡರಿನಲ್ಲಿ ದೇಶಕ್ಕೇ ಮುಂದೆ ಎಂಬ ಹೆಸರಿದೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಅದೇ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ಸಿಟ್ಟು ದಾಖಲೆ ತಿದ್ದಿದ್ದಕ್ಕಲ್ಲ, ದರ ಬಿದ್ದಿದ್ದಕ್ಕೆ. ಅದೇ ದರವನ್ನು ಹತ್ತು ಊರಿನ ಹತ್ತು ಸರ್ವರುಗಳಲ್ಲಿ ಯಾರೂ ಅಳಿಸಲಾಗದಂತೆ ಬರೆದಿಟ್ಟಿದ್ದರೂ ಕ್ವಿಂಟಲಿಗೆ ಒಂದು ರೂಪಾಯಿ ಏರುತ್ತಿರಲಿಲ್ಲ. ಇನ್ನು ನಮ್ಮ ಮಾರುಕಟ್ಟೆಗಳ ಹಳೆಯ ಪಿಡುಗು ಬಿಳಿ ಚೀಟಿ. ಅಧಿಕೃತ ಪಟ್ಟಿ ಕೊಡದೆ ಬಿಳಿ ಹಾಳೆಯ ಮೇಲೆ ಲೆಕ್ಕ ಗೀಚಿ, ರೈತನಿಂದಲೇ ಕಮಿಷನ್ ಮುರಿದುಕೊಂಡರೆ ಆ ಗೀಚು ಯಾವ ಲೆಡ್ಜರಿಗೂ ಹೋಗುವುದಿಲ್ಲ. ಹೋಗದ್ದನ್ನು ಎಷ್ಟು ಕಡೆ ಹಂಚಿದರೇನು?

ಈಗ ದಿಲ್ಲಿಗೆ ಬರೋಣ. 2022ರ ಹಣಕಾಸು ಕಾಯ್ದೆಯಲ್ಲಿ ಒಂದೇ ಪುಸ್ತಕದೊಳಗೆ ಎರಡು ಬಗೆಯ ಬರವಣಿಗೆ ಇದೆ. ಡಿಜಿಟಲ್ ರೂಪಾಯಿಗಾಗಿ 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯನ್ನು ತಿದ್ದಿದಾಗ ಮಾಡಿದ್ದಿಷ್ಟು: ಬ್ಯಾಂಕು ಹೊರಡಿಸುವ ನೋಟು ಭೌತಿಕ ರೂಪದಲ್ಲೇ ಇರಲಿ, ಡಿಜಿಟಲ್ ರೂಪದಲ್ಲೇ ಇರಲಿ, ಅದು ನೋಟೇ ಎಂದರು. ಬ್ಲಾಕ್‌ಚೈನಿನ ಸುದ್ದಿ ಇಲ್ಲ, ಲೆಡ್ಜರಿನ ಸುದ್ದಿ ಇಲ್ಲ. ಆ ವರ್ಷ ನವೆಂಬರ್ 1ಕ್ಕೆ ಸಗಟು, ಡಿಸೆಂಬರ್ 1ಕ್ಕೆ ಚಿಲ್ಲರೆ ಪ್ರಯೋಗ ಆರಂಭವಾಯಿತು. ಚಿಲ್ಲರೆ ಪ್ರಯೋಗದ ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. ಒಳಗಿನ ತಂತ್ರಜ್ಞಾನವನ್ನು ನಾಳೆ ಪೂರ್ತಿ ಬದಲಾಯಿಸಿದರೂ ಕಾನೂನಿನ ಒಂದಕ್ಷರ ಮುಟ್ಟಬೇಕಿಲ್ಲ, ಯಾಕೆಂದರೆ ಹೊಣೆ ಹೊತ್ತವರ ಹೆಸರು ಅಲ್ಲಿದೆ: ರಿಸರ್ವ್ ಬ್ಯಾಂಕು. ಇದು ಒಳ್ಳೆಯ ಬರವಣಿಗೆ.

ಅದೇ ಕಾಯ್ದೆ ಆದಾಯ ತೆರಿಗೆಯ ಕಡೆಗೆ ತಿರುಗಿ ‘ವರ್ಚುವಲ್ ಡಿಜಿಟಲ್ ಅಸೆಟ್’ ಎಂಬುದನ್ನು ವಿವರಿಸಲು ಹೊರಟಾಗ ಮಾಹಿತಿ, ಸಂಕೇತ, ಸಂಖ್ಯೆ, ಟೋಕನ್ ಎಲ್ಲವನ್ನೂ ಪೇರಿಸಿ, ಅದು ಕ್ರಿಪ್ಟೋಗ್ರಫಿಯಿಂದ ಹುಟ್ಟಿರಲಿ ‘ಅಥವಾ ಬೇರೆ ರೀತಿಯಿಂದ’ ಹುಟ್ಟಿರಲಿ ಎಂದಿತು. ಬೇರೆ ರೀತಿಯಿಂದಲೂ ಆಗುವುದಾದರೆ ಕ್ರಿಪ್ಟೋಗ್ರಫಿಯ ಹೆಸರು ಯಾಕೆ ತಂದಿರಿ? ಈ ವ್ಯಾಖ್ಯೆಯ ಬಲೆ ಎಷ್ಟು ಅಗಲವಾಯಿತೆಂದರೆ ಗಿಫ್ಟ್ ಕಾರ್ಡು, ಅಂಗಡಿಯ ರಿವಾರ್ಡ್ ಪಾಯಿಂಟುಗಳೂ ಸಿಕ್ಕಿಕೊಂಡಾವೆಂದು ಸರ್ಕಾರವೇ ಆಮೇಲೆ ಅಧಿಸೂಚನೆ ಹೊರಡಿಸಿ ಅವನ್ನು ಹೊರಗಿಡಬೇಕಾಯಿತು.

2025ರ ಹಣಕಾಸು ಕಾಯ್ದೆ ಇನ್ನೊಂದು ಹೆಜ್ಜೆ ಇಟ್ಟಿತು. ಕ್ರಿಪ್ಟೋಗ್ರಫಿಯ ಭದ್ರತೆಯುಳ್ಳ ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ‘ಅಥವಾ ಅಂಥದೇ ತಂತ್ರಜ್ಞಾನ’ವನ್ನು ನೆಚ್ಚಿಕೊಂಡ ಕ್ರಿಪ್ಟೋ ಆಸ್ತಿಯನ್ನೂ ಅದೇ ವ್ಯಾಖ್ಯೆಗೆ ಸೇರಿಸಿತು, ಅದು ಈಗಾಗಲೇ ವ್ಯಾಖ್ಯೆಯೊಳಗೆ ಇರಲಿ ಬಿಡಲಿ ಎಂಬ ಬಾಲದೊಂದಿಗೆ. ಜಾರಿಯ ದಿನ 2026ರ ಏಪ್ರಿಲ್ 1. ಒಂದು ಪದವನ್ನು ಕಾನೂನಿಗೆ ತಂದು, ಅದರ ಪಕ್ಕದಲ್ಲೇ ‘ಅಂಥದೇ’ ಎಂದು ಬರೆದು, ಹಿಂದೆಯೇ ‘ಇದ್ದರೂ ಇಲ್ಲದಿದ್ದರೂ’ ಎಂದು ಸೇರಿಸಿದ ಮೇಲೆ ಆ ಪದ ಅಲ್ಲಿ ಯಾವ ಕೆಲಸ ಮಾಡುತ್ತದೆ? ತೆರಿಗೆ ವಕೀಲನಿಗೆ ಒಂದು ಗಂಟೆಯ ವಾದ ಸಿಗಬಹುದು. ಪದ ಬಂದ ದಾರಿಯೂ ಗುಟ್ಟಲ್ಲ. ದೇಶ ದೇಶಗಳ ತೆರಿಗೆ ಇಲಾಖೆಗಳು ಕ್ರಿಪ್ಟೋ ವ್ಯವಹಾರದ ಮಾಹಿತಿ ವಿನಿಮಯ ಮಾಡಿಕೊಳ್ಳಲೆಂದು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದು ಚೌಕಟ್ಟು ರೂಪಿಸಿದೆ. ನಮ್ಮ ಹೊಸ ಮಾತು ಹೆಚ್ಚುಕಡಿಮೆ ಅಲ್ಲಿಯದೇ ನಕಲು. ಮಾಹಿತಿ ಕೊಡು-ತೆಗೆದುಕೊಳ್ಳುವ ದೇಶಗಳ ಫಾರಂ ಒಂದಕ್ಕೊಂದು ಹೊಂದಬೇಕು, ಆ ಮಟ್ಟಿಗೆ ನಕಲಿಗೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಫಾರಮಿನ ಪದ ಫಾರಮಿನಲ್ಲಿ, ನಿಯಮಾವಳಿಯಲ್ಲಿ ಇರಬಹುದಿತ್ತು. ಅದನ್ನು ಕಾಯ್ದೆಯ ಮುಖ್ಯ ವ್ಯಾಖ್ಯೆಗೇ ತಂದಿಟ್ಟು, ನೋಡಿ ಭಾರತ ಬ್ಲಾಕ್‌ಚೈನನ್ನು ಒಪ್ಪಿಕೊಂಡಿತು ಎಂದು ಹಿಗ್ಗುವವರನ್ನು ಕಂಡರೆ ನಗು ಬರುತ್ತದೆ.

ಯಾಕೆಂದರೆ ಈ ಒಪ್ಪಿಗೆ ಒಂದೇ ಬಾಗಿಲಿನದು. ಲಾಭಕ್ಕೆ ಶೇ. 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2022ರ ಜುಲೈ 1ರಿಂದ ಮಿತಿ ದಾಟಿದ ವರ್ಗಾವಣೆಗೆ ಶೇ. 1 ಟಿಡಿಎಸ್. 2023ರ ಮಾರ್ಚ್‌ನಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯೂ ಅನ್ವಯ. ವಸೂಲಿಗೆ, ತನಿಖೆಗೆ ಬೇಕಾದ ಪದಗಳೆಲ್ಲ ಬಂದವು. ಹಣ ಇಟ್ಟವನ ಗತಿ? 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ಕಳವಾಯಿತು. ಇಲ್ಲಿಯ ಗ್ರಾಹಕರ ಬಾಕಿಯ ಇತ್ಯರ್ಥಕ್ಕೆ ಸಿಂಗಪುರದ ನ್ಯಾಯಾಲಯದ ಮುಂದೆ ಪುನರ್‌ರಚನೆಯ ಯೋಜನೆ ಹೋಯಿತು. ಎಕ್ಸ್‌ಚೇಂಜು ಕಳೆದರೆ ಗ್ರಾಹಕನಿಗೆ ಯಾರು ಕೊಡಬೇಕೆಂದು ಹೇಳುವ ಒಂದು ಸಾಲು ನಮ್ಮ ಆ ಉದ್ದನೆಯ ವ್ಯಾಖ್ಯೆಯಲ್ಲಿ ಇಲ್ಲ. 2025ರ ಅಕ್ಟೋಬರಿನಲ್ಲಿ ಮದ್ರಾಸ್ ಹೈಕೋರ್ಟು ಇಂಥ ಒಬ್ಬ ಗ್ರಾಹಕಿಯ ಅರ್ಜಿಯಲ್ಲಿ, ಕ್ರಿಪ್ಟೋ ಎಂಬುದು ಆಸ್ತಿಯೇ, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದಿತು. ಅಂದರೆ ಆಸರೆ ಸಿಕ್ಕಿದ್ದು ‘ಆಸ್ತಿ ಎಂದರೇನು, ಕಾಯ್ದಿಟ್ಟುಕೊಂಡವನ ಕರ್ತವ್ಯವೇನು’ ಎಂಬ ಹಳೆಯ ಪ್ರಶ್ನೆಗಳಿಂದ. ಬಂಡಿಯ ಗಾಲಿ ಯಾವ ಕಟ್ಟಿಗೆಯದೆಂದು ಕಾನೂನಿನಲ್ಲಿ ಬರೆದಿಟ್ಟು, ಅದು ಯಾರ ಕಾಲ ಮೇಲೆ ಹಾಯ್ದರೆ ಯಾರು ದಂಡ ಕೊಡಬೇಕೆಂಬುದನ್ನು ಬಿಟ್ಟರೆ ಆಗುವುದು ಇದೇ.

ಡಿಎಲ್‌ಟಿ (ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ಟೆಕ್ನಾಲಜಿ) ಎಂಬ ಮೂರಕ್ಷರ ರಾಣೆಬೆನ್ನೂರಿನ ಅಂಗಡಿಗಳಿಗೆ, ಪತ್ತಿನ ಸಂಘಗಳಿಗೆ ಹೊಸದೇನಲ್ಲ. ಬೀಜದ ಅಂಗಡಿಯವರು, ಸಂಘದ ಕಾರ್ಯದರ್ಶಿಗಳು ಆ ಪದವನ್ನು ದಿನಾ ಬಳಸುತ್ತಾರೆ. ಅವರ ಬಾಯಲ್ಲಿ ಅದರ ಅರ್ಥ ಎಸ್‌ಎಂಎಸ್ ಕಳಿಸುವ ಪರವಾನಿಗೆ! ‘ನಿಮ್ಮ ಸಂಘದ್ದು ಡಿಎಲ್‌ಟಿ ಆಗೇತೇನ್ರಿ?’ ಎಂದು ಮೆಸೇಜಿನ ಏಜೆಂಟ್ ಕೇಳುತ್ತಾನೆ. 2018ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ವಾಣಿಜ್ಯ ಸಂದೇಶಗಳ ಕುರಿತು ತಂದ ನಿಯಮಾವಳಿ ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ತಂತ್ರಜ್ಞಾನವನ್ನು ಹೆಸರಿಟ್ಟು ವಿವರಿಸಿ, ಬೇಡದ ಕರೆ-ಸಂದೇಶಗಳ ಕಾಟಕ್ಕೆ ಅದನ್ನೇ ಮದ್ದಾಗಿ ಬರೆದುಕೊಟ್ಟಿತು. ದೇಶದ ನಿಯಂತ್ರಣ ವ್ಯವಸ್ಥೆ ಈ ಪದವನ್ನು ಹೀಗೆ ನೇರವಾಗಿ ಕಡ್ಡಾಯ ಮಾಡಿ ಏಳು ವರ್ಷದ ಮೇಲಾಯಿತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಫಲವೇನು ನೋಡಿ. ‘ನಿಮ್ಮ ಸಾಲದ ಕಂತು ಇಂಥ ದಿನಕ್ಕೆ’ ಎಂದು ಸದಸ್ಯರಿಗೆ ತಿಳಿಸಲು ಸಂಘ ಮೊದಲು ತನ್ನನ್ನು ನೋಂದಾಯಿಸಬೇಕು, ಕಳಿಸುವವರ ಹೆಸರಿನ ಅಕ್ಷರಗಳನ್ನು ನೋಂದಾಯಿಸಬೇಕು, ಸಂದೇಶದ ಒಕ್ಕಣೆಯ ನಮೂನೆಯನ್ನು ಮಂಜೂರು ಮಾಡಿಸಿಕೊಳ್ಳಬೇಕು. ನಮೂನೆಯಲ್ಲಿ ಹೆಸರು, ಮೊತ್ತ, ದಿನಾಂಕದ ಜಾಗ ಖಾಲಿ ಬಿಟ್ಟಿದ್ದು ಸರಿಯಿಲ್ಲವೆಂದರೆ ಅರ್ಜಿ ತಿರುಗಿ ಬರುತ್ತದೆ. ಕನ್ನಡದಲ್ಲಿ ಕಳಿಸಹೊರಟರೆ ಇನ್ನೊಂದು ಪೇಚು: ಇಂಗ್ಲಿಷ್ ಅಕ್ಷರದ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70, ಅದರಲ್ಲೂ ಒತ್ತು, ಕಾಗುಣಿತಕ್ಕೆಲ್ಲ ಬೇರೆ ಬೇರೆ ಲೆಕ್ಕ. ಖರ್ಚು ನೋಡಿ ಸಂಘದವರು ಇಂಗ್ಲಿಷಿಗೇ ಇಳಿಯುತ್ತಾರೆ, ಐರಣಿಯ ಹೊಳೆದಂಡೆಯಲ್ಲಿರುವ ಸದಸ್ಯ ಆ ಸಂದೇಶವನ್ನು ಮಗನಿಗೆ ತೋರಿಸಿ ಓದಿಸಿಕೊಳ್ಳುತ್ತಾನೆ. ಇದು ಲೆಡ್ಜರಿನ ತಪ್ಪಲ್ಲ ನಿಜ. ಆದರೆ ಆ ಪದಕ್ಕಾಗಿ ಇಷ್ಟು ಹೆಣಗಿದ ನಿಯಮ ಓದುವವನ ಭಾಷೆಗೆ ಏನು ಮಾಡಿತು ಎಂದು ಕೇಳಬಾರದೇ? 2021ರ ಮಾರ್ಚ್ 8ರಂದು ನಮೂನೆ ತಾಳೆ ನೋಡುವ ವ್ಯವಸ್ಥೆ ಜಾರಿಯಾದ ಕೂಡಲೇ ದೇಶದಾದ್ಯಂತ ಬ್ಯಾಂಕುಗಳ ಎಷ್ಟೋ ಒಟಿಪಿಗಳೇ ತಲುಪದೆ ಹೋಗಿ, ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಕಾಟ ಮಾತ್ರ ನಿಲ್ಲಲಿಲ್ಲ. ನಿಂತಿದ್ದರೆ 2024ರಲ್ಲಿ ಲಿಂಕುಗಳ ಪಟ್ಟಿ, ಸಂದೇಶದ ಜಾಡು ಹಿಡಿಯುವ ಹೊಸ ಆದೇಶಗಳು, 2025ರ ಫೆಬ್ರುವರಿಯಲ್ಲಿ ನಿಯಮಾವಳಿಗೇ ಮತ್ತೆ ತಿದ್ದುಪಡಿ ಯಾಕೆ ಬೇಕಾಗುತ್ತಿದ್ದವು? ಆ ಲೆಡ್ಜರನ್ನು ನಡೆಸುವವರು ಮೊಬೈಲ್ ಕಂಪನಿಗಳೇ. ಸಂದೇಶಕ್ಕೆ ದುಡ್ಡು ಎಣಿಸುವವರು ಯಾರೋ ಅವರೇ ಸಂದೇಶದ ಕಾವಲುಗಾರರು. ಅವರ ಹೊಣೆಯನ್ನು ನೇರ ಬಿಗಿದಿದ್ದರೆ ತಂತ್ರಜ್ಞಾನ ಯಾವುದಾದರೂ ನಡೆಯುತ್ತಿತ್ತು.

ಯಂತ್ರದ ಹೆಸರು ಕಾನೂನಿನಲ್ಲಿ ಎಷ್ಟು ಬೇಗ ಹಳಸುತ್ತದೆ ಎಂಬುದನ್ನು ನಾವು ಆಗಲೇ ಒಮ್ಮೆ ಕಂಡಿದ್ದೇವೆ. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆಕ್ಟ್ ಲೆಡ್ಜರು, ದಿನವಹಿ, ನಗದು ಪುಸ್ತಕ ಹಾಗೂ ಬ್ಯಾಂಕಿನ ನಿತ್ಯದ ವ್ಯವಹಾರದ ಇತರ ಎಲ್ಲ ಪುಸ್ತಕಗಳು ಎಂದಷ್ಟೇ ಹೇಳಿತ್ತು, ಶಾಯಿ ಯಾವುದು ಕಾಗದ ಯಾವುದು ಎಂಬ ಗೊಡವೆಗೆ ಹೋಗಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೊಂದು ತಿದ್ದುಪಡಿ ತಂದು ‘ಫ್ಲಾಪಿ’ಯನ್ನು ಸೇರಿಸಿತು. ಇವತ್ತು ಹಾವೇರಿಯ ಯಾವ ಬ್ಯಾಂಕಿನಲ್ಲಿ ಫ್ಲಾಪಿ ಸಿಕ್ಕೀತು? ಅದೇ 2000ದ ಕಾಯ್ದೆಯ ಇನ್ನೊಂದು ಕಲಮು, ಮೂರನೆಯದು, ಡಿಜಿಟಲ್ ಸಹಿ ಎಂದರೆ ಇಂಥ ಕ್ರಿಪ್ಟೋ ಪದ್ಧತಿ ಮತ್ತು ಹ್ಯಾಶ್ ಫಂಕ್ಷನ್ನಿನಿಂದಲೇ ಆಗಬೇಕು ಎಂದು ಕಟ್ಟಿಹಾಕಿತ್ತು. ಒಂದೇ ಯಂತ್ರಕ್ಕೆ ಜೋತುಬಿದ್ದದ್ದು ತಪ್ಪಾಯಿತೆಂದು 2008ರ ತಿದ್ದುಪಡಿಯಲ್ಲಿ ‘ಎಲೆಕ್ಟ್ರಾನಿಕ್ ಸಹಿ’ ಎಂಬ ಅಗಲವಾದ ಬಾಗಿಲು ತೆರೆಯಬೇಕಾಯಿತು. ಎಂಟು ವರ್ಷದಲ್ಲಿ ಕಲಿತ ಪಾಠವನ್ನು ಇನ್ನೊಂದು ಹದಿನೇಳು ವರ್ಷದಲ್ಲಿ ಮರೆತೆವು.

ಈ ಪದಗಳ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನ್ನಿಸುವುದು ‘ಬದಲಿಸಲಾಗದ’ ಎಂಬ ವಿಶೇಷಣ. ಅಮೆರಿಕದ ಅರಿಜೋನಾ ರಾಜ್ಯ 2017ರಲ್ಲಿ ಬ್ಲಾಕ್‌ಚೈನನ್ನು ಕಾನೂನಿನಲ್ಲಿ ವಿವರಿಸುತ್ತ, ಅದರಲ್ಲಿರುವ ದತ್ತಾಂಶ ಬದಲಿಸಲಾಗದ್ದು ಮಾತ್ರವಲ್ಲ, ಕತ್ತರಿ ಬೀಳದ ಸತ್ಯವನ್ನೇ ಕೊಡುತ್ತದೆ ಎಂಬರ್ಥದ ಮಾತು ಬರೆದುಬಿಟ್ಟಿತು. ಶಾಸನಸಭೆಯೊಂದು ಸಾಫ್ಟ್‌ವೇರಿಗೆ ಸತ್ಯದ ಸರ್ಟಿಫಿಕೇಟು ಕೊಟ್ಟಿತು! ಅದರ ಹಿಂದಿನ ವರ್ಷವೇ, 2016ರ ಜುಲೈನಲ್ಲಿ, ಇಥೀರಿಯಂ ಜಾಲದವರು ‘ದ ಡಿಎಒ’ ಎಂಬ ನಿಧಿಯಿಂದ ಕಳವಾದ ಹಣವನ್ನು ಮರಳಿಸಲು ತಮ್ಮ ಲೆಡ್ಜರನ್ನೇ ಕವಲೊಡೆಸಿ ಬದಲಿಸಿದ್ದರು. ಬದಲಿಸಬೇಕೆಂದು ಬಲವುಳ್ಳವರು ತೀರ್ಮಾನಿಸಿದರೆ ಬದಲಾಗುತ್ತದೆ. ಬಲವಿಲ್ಲದವನಿಗೆ ಮಾತ್ರ ಅದು ಬದಲಿಸಲಾಗದ್ದು.

ಇದನ್ನು ಪಹಣಿಗೆ ಹಚ್ಚಿ ನೋಡಿ. ಬೆಳೆಸಾಲ ನಿಂತಿರುವುದೇ ಪಹಣಿಯ ಮೇಲೆ, ಹಾಗಾಗಿ ಇದೂ ಹಣಕಾಸಿನ ಮಾತೇ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಸೇರಿ ಅಕ್ಕನ ಹೆಸರು ಬಿಟ್ಟು ವಾರಸಾ ಮಾಡಿಸುವುದು ನಮ್ಮ ತಾಲ್ಲೂಕುಗಳಲ್ಲಿ ಅಪರೂಪವೇನಲ್ಲ. ಭೂಮಿ ಯೋಜನೆಯ ಕಂಪ್ಯೂಟರಿನಲ್ಲಿ ಆ ನಮೂದು ಅಚ್ಚುಕಟ್ಟಾಗಿ, ಅಧಿಕಾರಿಯ ಬೆರಳಚ್ಚಿನೊಂದಿಗೆ ಏರುತ್ತದೆ. ಸುಳ್ಳು, ಆದರೆ ಅಚ್ಚುಕಟ್ಟಾದ ಸುಳ್ಳು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಮು ಇದನ್ನು ಬಲ್ಲದು. ದಾಖಲೆಯ ನಮೂದು ನಿಜವೆಂದು ಊಹಿಸಬೇಕು, ಆದರೆ ಸುಳ್ಳೆಂದು ರುಜುವಾತಾಗುವ ತನಕ, ಇಲ್ಲವೇ ಹೊಸ ನಮೂದು ಕ್ರಮವಾಗಿ ಅದರ ಜಾಗಕ್ಕೆ ಬರುವ ತನಕ ಮಾತ್ರ ಎನ್ನುತ್ತದೆ. ಆ ‘ತನಕ’ದಲ್ಲೇ ಅಕ್ಕನ ಹಕ್ಕು ಉಳಿದಿರುವುದು. ಉಪವಿಭಾಗಾಧಿಕಾರಿಯ ಮುಂದೆ ಅವಳು ಮೇಲ್ಮನವಿ ಹಾಕಬಹುದಾದದ್ದು ನಮೂದು ಬದಲಾಗಬಲ್ಲದು ಎಂಬ ಕಾರಣಕ್ಕೆ. ಇಂಥ ಕಡೆ ‘ಬದಲಿಸಲಾಗದ’ ಎಂಬುದನ್ನು ಗುಣವೆಂದು ಬರೆದರೆ ಮೊದಲ ದಿನ ಕಚೇರಿಗೆ ಹೋದವನೇ ಗೆದ್ದಂತೆ.

ಬ್ಲಾಕ್‌ಚೈನಿನಲ್ಲೂ ತಿದ್ದುಪಡಿ ಸಾಧ್ಯ, ಹಳೆಯದನ್ನು ಅಳಿಸದೆ ಹೊಸ ನಮೂದು ಸೇರಿಸಿದರಾಯಿತು ಎಂದು ತಜ್ಞರು ಉತ್ತರಿಸುತ್ತಾರೆ. ಸರಿಯಾದ ಉತ್ತರವೇ. ಆದರೆ ನಮ್ಮ ಪೇಟೆಯ ಗುಮಾಸ್ತರು ಕೀರ್ದಿಯಲ್ಲಿ ಮಾಡುತ್ತಿದ್ದದ್ದು ಬೇರೇನು? ಕೀರ್ದಿಯಲ್ಲಿ ಒರೆಸುವಂತಿರಲಿಲ್ಲ. ತಪ್ಪಿದ ಸಾಲಿಗೆ ಗೀಟೆಳೆದು, ಓದಲು ಬರುವಂತೆ ಬಿಟ್ಟು, ಎದುರು ನಮೂದು ಹಾಕಿ ಸಹಿ ಮಾಡಬೇಕಿತ್ತು. ಹಾಳೆ ಹರಿದರೆ ನಂಬರು ತಪ್ಪಿ ಸಿಕ್ಕಿಬೀಳುತ್ತಿದ್ದರು. ಆ ಶಿಸ್ತನ್ನು ಕಾನೂನು ಕೇಳಲಿ, ಅದಕ್ಕೆ ಅಡ್ಡಿಯಿಲ್ಲ. ಅದನ್ನು ಇಂಥ ಸಾಫ್ಟ್‌ವೇರೇ ಪೂರೈಸುತ್ತದೆ ಎಂದು ಮುಂಚಿತವಾಗಿ ತೀರ್ಪು ಕೊಡುವುದು ಬೇಡ.

‘ಡಿಸ್ಟ್ರಿಬ್ಯೂಟೆಡ್’, ಅಂದರೆ ‘ಹಂಚಿದ’, ಎಂಬ ಮಾತಿನ ಗತಿಯೂ ಇಷ್ಟೇ. ಸಾಲಪತ್ರಗಳ ಭದ್ರತೆಯ ಮೇಲೆ ಕಣ್ಣಿಡಲು ಷೇರುಪೇಟೆಯ ನಿಯಂತ್ರಕ ಸೆಬಿ 2021ರ ಆಗಸ್ಟಿನಲ್ಲಿ ಡಿಎಲ್‌ಟಿ ಆಧಾರಿತ ವ್ಯವಸ್ಥೆಗೆ ಸುತ್ತೋಲೆ ಹೊರಡಿಸಿತು. ಅದನ್ನು ನಡೆಸುವ ಹೊಣೆ ಬಿದ್ದದ್ದು ಡಿಪಾಸಿಟರಿಗಳ ಮೇಲೆ, ಅಂದರೆ ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್ ಮೇಲೆ. ಕೆಲಸ ಉಪಯುಕ್ತವೇ ಇರಬಹುದು. ಆದರೆ 1996ರ ಡಿಪಾಸಿಟರಿ ಕಾಯ್ದೆಯ ಅಡಿಯಲ್ಲೇ ಈ ಸಂಸ್ಥೆಗಳು ದೇಶದ ಷೇರುಗಳ ಲೆಕ್ಕವನ್ನು ಇಟ್ಟುಕೊಂಡು ಬಂದಿವೆ. ಅಲ್ಲಿ ತಪ್ಪಾದರೆ ಯಾರನ್ನು ಹಿಡಿಯಬೇಕೆಂದು ಎಲ್ಲರಿಗೂ ಗೊತ್ತಿದೆ, ಹಾಗಾಗಿ ನಂಬಿಕೆಯೂ ಇದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕಾಯಿ ಇಟ್ಟು ದರಕ್ಕೆ ಕಾಯುವ ರೈತನಿಗೆ ಬೇಕಾದ ಕಾನೂನೂ 2007ರಲ್ಲೇ ಬಂದಿದೆ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಾಯಿತ ಗೋದಾಮಿನವನು ಕೊಟ್ಟ ರಸೀದಿ ಕೈಬದಲಾಗಬಲ್ಲದು, ಅದರ ಮೇಲೆ ಸಾಲ ಸಿಗಬಲ್ಲದು, ಎಚ್ಚರ ತಪ್ಪಿ ಸರಕು ಕೆಟ್ಟರೆ ಗೋದಾಮಿನವನೇ ಹೊಣೆ. 2017ರಿಂದ ಆ ರಸೀದಿ ಎಲೆಕ್ಟ್ರಾನಿಕ್ ರೂಪಕ್ಕೂ ಬಂತು. ಬ್ಲಾಕ್‌ಚೈನಿನವರು ಕೊಡುತ್ತೇವೆ ಎನ್ನುವುದು ಇದಲ್ಲದೆ ಇನ್ನೇನು? ಉಳಿದಿರುವುದು ಹೆಚ್ಚು ಗೋದಾಮುಗಳನ್ನು ನೋಂದಾಯಿಸುವ, ಬ್ಯಾಂಕಿನ ಮ್ಯಾನೇಜರ್ ಆ ರಸೀದಿ ನೋಡಿ ಸಾಲ ಕೊಡುವಂತೆ ಮಾಡುವ ದುಡಿಮೆ. ಅದಕ್ಕೆ ಸಂಕಿರಣ ಮಾಡುವವರಿಲ್ಲ.

ಹೊರದೇಶಗಳೆಲ್ಲ ಪದ ಸೇರಿಸಿವೆಯಲ್ಲ ಎಂಬ ಮಾತಿಗೆ ಎರಡು ಸಾಲು ಸಾಕು. ಯುರೋಪಿನ 2023ರ ಕ್ರಿಪ್ಟೋ ನಿಯಮಾವಳಿ ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ತಂತ್ರಜ್ಞಾನವೆಂದರೆ ಡಿಸ್ಟ್ರಿಬ್ಯೂಟೆಡ್ ಲೆಡ್ಜರುಗಳು ನಡೆಯುವಂತೆ ಮಾಡುವ ತಂತ್ರಜ್ಞಾನ ಎನ್ನುತ್ತದೆ. ಪುಟ್ಟ ಲಿಚ್ಟೆನ್‌ಸ್ಟೈನ್ 2020ರಿಂದ ಜಾರಿಗೆ ತಂದ ಕಾಯ್ದೆಯಲ್ಲಿ ಬ್ಲಾಕ್‌ಚೈನ್ ಎಂಬ ಹೆಸರನ್ನೇ ಕೈಬಿಟ್ಟು, ವಿಶ್ವಾಸಾರ್ಹ ತಂತ್ರಜ್ಞಾನ ಎಂದು ಸಾಮಾನ್ಯವಾಗಿ ಕರೆದು, ಸೇವೆ ಕೊಡುವವರ ಕರ್ತವ್ಯಗಳನ್ನು ಪಟ್ಟಿ ಮಾಡಿತು. ಅನುಕರಿಸುವುದೇ ಆದರೆ ಯಾವುದನ್ನು ಅನುಕರಿಸಬೇಕೆಂದು ಹೇಳಬೇಕಿಲ್ಲ. ನಮ್ಮಲ್ಲೇ ಮಾದರಿಯಿದೆ: ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ. ಮುಂಗಡ, ಸಾಲ ಅಥವಾ ಬೇರಾವುದೇ ರೂಪದಲ್ಲಿ ಹಣ ಪಡೆದು ಮರಳಿಸುವ ಮಾತು ಕೊಟ್ಟರೆ ಅದು ಠೇವಣಿ ಎಂದಿತು. ಸ್ಕೀಮಿನವನು ಅದನ್ನು ಟೋಕನ್ ಎಂದು ಕರೆದು ನುಣುಚಿಕೊಳ್ಳದಂತೆ ಆ ವಾಕ್ಯ ಸಾಕಷ್ಟು ಅಗಲವಿದೆ.

ನಿಜವಾಗಿ ತಿದ್ದಬೇಕಾದ ಜಾಗ ಬೇರೆಯೇ ಇದೆ, ಅದರ ಬಗ್ಗೆ ಗದ್ದಲವಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ದಾಖಲೆಯ ಹ್ಯಾಶ್ ಮೌಲ್ಯ ನಮೂದಿಸಬೇಕು, ಒಂದು ಭಾಗಕ್ಕೆ ತಜ್ಞನ ಸಹಿ ಬೀಳಬೇಕು. ಬ್ಯಾಂಕಿಗೆ, ಎಕ್ಸ್‌ಚೇಂಜಿಗೆ ಇದು ಕಷ್ಟವಲ್ಲ, ಸಂಬಳದ ಮೇಲೆ ತಜ್ಞರಿದ್ದಾರೆ. ತನ್ನ ಲಾಟಿನ ದರ ಇಷ್ಟೆಂದು ಬಂದ ಮೆಸೇಜನ್ನು ಮೊಬೈಲಿನಲ್ಲಿ ಉಳಿಸಿಕೊಂಡು, ಪಟ್ಟಿಯಲ್ಲಿ ಬೇರೆ ದರ ಬಂದಿದೆಯೆಂದು ರಾಣೆಬೆನ್ನೂರಿನ ನ್ಯಾಯಾಲಯದ ಮೆಟ್ಟಿಲು ಹತ್ತುವ ಐರಣಿಯ ರೈತನಿಗೆ ಇದು ದೊಡ್ಡ ಕಷ್ಟ. ಅದೇ ಲಾಟಿನ ಲೆಕ್ಕ ಮಾರುಕಟ್ಟೆಯ ಸರ್ವರಿನಲ್ಲಿದೆ, ಸರ್ವರು ನಡೆಸುವವರ ಬಳಿ ತಜ್ಞರೂ ಇದ್ದಾರೆ. ಪ್ರಮಾಣಪತ್ರವನ್ನು ಅವರೇ, ಪುಕ್ಕಟೆಯಾಗಿ, ಇಷ್ಟು ದಿನದೊಳಗೆ ಕೊಡಬೇಕು, ಕೊಡದಿದ್ದರೆ ರೈತ ಹೇಳಿದ ದರವೇ ನಿಜವೆಂದು ಕೋರ್ಟು ಊಹಿಸಬೇಕು ಎಂದು ಒಂದು ಉಪಕಲಮು ಸೇರಿಸಲಿ. ಅದರಲ್ಲಿ ಲೆಡ್ಜರಿನ ಹೆಸರೇ ಬರಬೇಕಾಗಿಲ್ಲ.